ಕ್ರೌಡ್‌ಫಂಡಿಂಗ್ ಪರಿಭಾಷೆ

ಒಂದು ಕೆಲಸಕ್ಕೆ ಬೇಕಾದ ಹಣವನ್ನು ಒಬ್ಬ ಧಣಿಯಿಂದಲೋ ಬ್ಯಾಂಕಿನಿಂದಲೋ ಇಡಿಯಾಗಿ ಪಡೆಯದೆ, ಬಹುಮಂದಿಯಿಂದ ಸಣ್ಣ ಸಣ್ಣ ಮೊತ್ತಗಳಲ್ಲಿ, ಹೆಚ್ಚಾಗಿ ಅಂತರ್ಜಾಲದ ಮೂಲಕ ಕೂಡಿಸುವ ವಿಧಾನಕ್ಕೆ ಕ್ರೌಡ್‌ಫಂಡಿಂಗ್ ಎಂದು ಹೆಸರು. ಇಂಗ್ಲಿಷಿನಲ್ಲಿ ಈ ಪದ ಹುಟ್ಟಿದ್ದು 2006ರಲ್ಲಿ. ಕನ್ನಡದಲ್ಲಿ ಜನನಿಧಿ, ಸಮೂಹ ನಿಧಿ ಎಂದೆಲ್ಲ ಬರೆದು ನೋಡಿದ್ದಾರೆ. ಯಾವುದೂ ಬಾಯಿಗೆ ಹತ್ತಿಲ್ಲ. ಆದರೆ ಬಳ್ಳಾರಿ, ವಿಜಯನಗರ ಜಿಲ್ಲೆಗಳ ಹಳ್ಳಿಗಳಲ್ಲಿ ಇದಕ್ಕೆ ಹತ್ತಿರದ ಮಾತೊಂದು ಮೊದಲಿನಿಂದಲೂ ಇದೆ: ಪಟ್ಟಿ ಎತ್ತುವುದು. ಜಾತ್ರೆ, ಗುಡಿಯ ಜೀರ್ಣೋದ್ಧಾರ, ಬಯಲಾಟ ಏನೇ ಇರಲಿ, ನಾಲ್ಕು ಜನ ನೋಟುಬುಕ್ಕು ಹಿಡಿದು ಮನೆಮನೆಗೆ ಹೋಗಿ ಹೆಸರು ಮತ್ತು ಮೊತ್ತ ಬರೆಸಿಕೊಂಡು ಬರುವುದು. ಕೂಡಿದ ಹಣಕ್ಕೆ ವಂತಿಗೆ ಎಂಬ ಹಳೆಯ ಹೆಸರಿದೆ.

ಮೊದಲ ಸಲ ಅಂತರ್ಜಾಲದಲ್ಲಿ ಅಭಿಯಾನ ಮಾಡಹೊರಟವರಿಗೆ ತೊಡಕಾಗುವುದು ತಂತ್ರಜ್ಞಾನಕ್ಕಿಂತ ಪದಗಳು. ಪ್ಲೆಡ್ಜ್, ರಿವಾರ್ಡ್, ಟಿಯರ್, ಸ್ಟ್ರೆಚ್ ಗೋಲ್, ಫುಲ್‌ಫಿಲ್‌ಮೆಂಟ್ ಇವೆಲ್ಲ ಜಾಹೀರಾತಿನ ಮಾತಿನಂತೆ ಕೇಳುತ್ತವೆ. ನಿಜದಲ್ಲಿ ಒಂದೊಂದೂ ಒಂದೊಂದು ಬಗೆಯ ವಚನ. ಯಾವ ಪದ ಬಳಸಿದೆವೋ ಅದಕ್ಕೆ ತಕ್ಕ ಋಣ ಹೆಗಲೇರುತ್ತದೆ. ಈ ಲೇಖನದಲ್ಲಿ ಆ ಪದಗಳನ್ನು ಒಂದು ಕಲ್ಪಿತ ಉದಾಹರಣೆಯ ಮೇಲೆ ಇಟ್ಟು ನೋಡಲಾಗಿದೆ. ಹೊಸಪೇಟೆಯಿಂದ ಬಳ್ಳಾರಿ ಕಡೆಗೆ ಹೋಗುವ ರೈಲುಮಾರ್ಗದಲ್ಲಿ, ತೋರಣಗಲ್ಲಿಗೆ ಮೊದಲೇ ಸಿಗುವ ಗಾದಿಗನೂರಿನಲ್ಲಿ ಒಂದು ಬಯಲಾಟದ ಮೇಳವಿದೆ ಎಂದುಕೊಳ್ಳಿ. ಕಿರೀಟ, ಭುಜಕೀರ್ತಿ, ವೇಷಗಳಿಗೆ, ಹೊಸ ಹಾರ್ಮೋನಿಯಂಗೆ, ಹಿರಿಯ ಮಾಸ್ತರರ ಹಾಡುಗಳ ಧ್ವನಿಮುದ್ರಣಕ್ಕೆ ಮೇಳಕ್ಕೆ 3 ಲಕ್ಷ ರೂಪಾಯಿ ಬೇಕು. ಊರಿನ ಪಟ್ಟಿ ಒಂದು ರಾತ್ರಿಯ ಆಟಕ್ಕೆ ಸಾಕು, ಇಷ್ಟಕ್ಕೆ ಸಾಲದು. ಬೆಂಗಳೂರಲ್ಲಿ, ಪುಣೆಯಲ್ಲಿ, ಅಮೆರಿಕದಲ್ಲಿ ನೆಲೆಸಿದ ಊರಿನ ಮಕ್ಕಳನ್ನೂ ಕೇಳಬೇಕು.

ಹಳೆಯ ಬೇರು

ಜನರಿಂದ ಬಿಡಿಬಿಡಿಯಾಗಿ ಕೂಡಿಸುವ ಪದ್ಧತಿ ಹೊಸದೇನಲ್ಲ. ಅಯ್ಯಾವೊಳೆ ಐನೂರ್ವರು ಮೊದಲಾದ ವರ್ತಕ ಸಂಘಗಳು ಹೇರಿಗೆ ಇಷ್ಟು, ಮಳಿಗೆಗೆ ಇಷ್ಟು ಎಂದು ತಮ್ಮ ಮೇಲೆ ತಾವೇ ಆಯ ಹಾಕಿಕೊಂಡು ದೇಗುಲಗಳಿಗೆ ದತ್ತಿ ಬಿಟ್ಟ ಶಾಸನಗಳು ಕರ್ನಾಟಕದ ಉದ್ದಕ್ಕೂ ಇವೆ. ಹಂಪಿಯ ವಿರೂಪಾಕ್ಷ ಗುಡಿಯಲ್ಲಿರುವ ಕೃಷ್ಣದೇವರಾಯನ 1510ರ ಶಾಸನ ಇದಕ್ಕೆ ತದ್ವಿರುದ್ಧವಾದ ಮಾದರಿ: ಒಬ್ಬನೇ ದಾತ, ಒಂದೇ ಆಜ್ಞೆ. ಎರಡೂ ಕಲ್ಲಿನ ಮೇಲೆ ನಿಂತಿವೆ. ಸಂಘದ ದತ್ತಿಯಲ್ಲಿ ಯಾರು ಎಷ್ಟು, ಯಾವ ಸರಕಿನ ಮೇಲೆ, ಯಾವ ಕೆಲಸಕ್ಕೆ ಎಂಬ ವಿವರ ಇರಲೇಬೇಕಿತ್ತು. ಇಂದಿನ ಅಭಿಯಾನದ ಪುಟವೂ ಕೇಳುವುದು ಅದನ್ನೇ.

ನ್ಯೂಯಾರ್ಕಿನಲ್ಲಿ 1885ರಲ್ಲಿ ಸ್ವಾತಂತ್ರ್ಯ ದೇವಿಯ ಪ್ರತಿಮೆಗೆ ಪೀಠ ಕಟ್ಟಲು ಹಣ ಸಾಲದಾದಾಗ ಜೋಸೆಫ್ ಪುಲಿಟ್ಜರ್ ತನ್ನ ಪತ್ರಿಕೆಯಲ್ಲಿ ಕರೆ ಕೊಟ್ಟ. ಐದು ತಿಂಗಳಲ್ಲಿ 1,60,000ಕ್ಕೂ ಹೆಚ್ಚು ಜನ 1 ಲಕ್ಷ ಡಾಲರು ದಾಟುವಷ್ಟು ಕೊಟ್ಟರು. ಬಹುಪಾಲು ಕಾಣಿಕೆಗಳು ಒಂದು ಡಾಲರಿಗಿಂತ ಕಡಿಮೆ. ಕೊಟ್ಟವರ ಹೆಸರುಗಳನ್ನು ಪತ್ರಿಕೆ ಅಚ್ಚು ಹಾಕಿತು. ನಮ್ಮ ಬಯಲಾಟಗಳನ್ನು ನೋಡಿದವರಿಗೆ ಇದು ಹೊಸತೆನಿಸದು. ಭೀಮ ಗದೆ ಎತ್ತಿ ನಿಂತಿರುವಾಗಲೇ ಮೈಕು ಕೊಸರಾಡಿ, ಇಂಥವರ ಮಗ ಇಂಥವರಿಂದ ಐನೂರ ಒಂದು ರೂಪಾಯಿ ಎಂದು ಕೂಗುತ್ತದೆ. ಭೀಮನೂ ಅಲ್ಲಿಯತನಕ ತಾಳಿಕೊಂಡು ನಿಲ್ಲುತ್ತಾನೆ. ಅಭಿಯಾನದ ಭಾಷೆಯಲ್ಲಿ ಇದಕ್ಕೆ ಡೋನರ್ ರೆಕಗ್ನಿಷನ್ ಎನ್ನುತ್ತಾರೆ.

ಕನ್ನಡದ ಓದುಗರು ಮುಂಗಡ ಕೊಟ್ಟು ಪುಸ್ತಕ ಹುಟ್ಟಿಸಿದ ಚರಿತ್ರೆಯೂ ಇದೆ. ಜಿ. ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರ ಬಲದ ಮೇಲೆ ನಡೆಯಿತು. ಸಿನಿಮಾದಲ್ಲಿ ಮೊದಲ ದೊಡ್ಡ ಉದಾಹರಣೆ ಗುಜರಾತಿನದು. ಶ್ಯಾಮ್ ಬೆನೆಗಲ್ ನಿರ್ದೇಶನದ, ಗಿರೀಶ ಕಾರ್ನಾಡ ಮತ್ತು ಅನಂತ್‌ನಾಗ್ ಅಭಿನಯಿಸಿದ 'ಮಂಥನ್' ಚಿತ್ರಕ್ಕೆ (1976) ಹಾಲು ಸಹಕಾರ ಸಂಘಗಳ 5 ಲಕ್ಷ ರೈತರು ತಲಾ 2 ರೂಪಾಯಿ ಕೊಟ್ಟರು. ಒಟ್ಟು 10 ಲಕ್ಷ.

ಅಂತರ್ಜಾಲದ ಕಾಲದಲ್ಲಿ ಕನ್ನಡಿಗರಿಗೆ ಕ್ರೌಡ್‌ಫಂಡಿಂಗ್ ಎಂಬ ಪದವನ್ನು ಕಲಿಸಿದ್ದು ಪವನ್ ಕುಮಾರ್ ಅವರ 'ಲೂಸಿಯಾ'. ನಿರ್ಮಾಪಕರು ಸಿಗದೆ ಬೇಸತ್ತು ತಮ್ಮ ಬ್ಲಾಗಿನಲ್ಲಿ ಬರೆದದ್ದಕ್ಕೆ ಬಂದ ಉತ್ತರಗಳೇ ಬಂಡವಾಳವಾದವು. 110 ಮಂದಿ ಸೇರಿ ಒಂದು ತಿಂಗಳೊಳಗೆ ಸುಮಾರು 50 ಲಕ್ಷ ರೂಪಾಯಿ ಹಾಕಿದರು. ಚಿತ್ರ 2013ರ ಜುಲೈಯಲ್ಲಿ ಲಂಡನ್ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆದು, ಸೆಪ್ಟೆಂಬರ್ 6ರಂದು ಬಿಡುಗಡೆಯಾಯಿತು. ಆಮೇಲೆ ಬೆಂಗಳೂರಿನ ರವಿಶಂಕರ್ ಅವರು ನಮ್ಮ ಗೋವಿನ ಹಾಡಿನ ಕಥೆಯನ್ನು ಆಧರಿಸಿ ಮಾಡಿದ ಸಂಸ್ಕೃತ ಅನಿಮೇಶನ್ ಚಿತ್ರ 'ಪುಣ್ಯಕೋಟಿ'ಗೂ ವಿಶ್‌ಬೆರಿ ವೇದಿಕೆಯ ಮೂಲಕ ಜನರಿಂದ ಹಣ ಬಂತು. ಅದು ತೆರೆ ಕಂಡದ್ದು 2020ರಲ್ಲಿ. ಈ ಎರಡನ್ನೂ ಒಂದೇ ಪದದಿಂದ ಕರೆಯುತ್ತೇವೆ. ಆದರೆ ಲೂಸಿಯಾಕ್ಕೆ ಹಣ ಹಾಕಿದವರು ಹೂಡಿಕೆದಾರರು, ಪುಣ್ಯಕೋಟಿಗೆ ಕೊಟ್ಟವರು ಬೆಂಬಲಿಗರು.

ನಾಲ್ಕು ಬಗೆ

ಕೊಟ್ಟವರಿಗೆ ಏನು ಹಿಂತಿರುಗುತ್ತದೆ ಎಂಬುದರ ಮೇಲೆ ಕ್ರೌಡ್‌ಫಂಡಿಂಗ್ ನಾಲ್ಕು ಕವಲಾಗುತ್ತದೆ. ಇವಕ್ಕೆ ಹಳ್ಳಿಯ ಹೆಸರುಗಳೇ ಸಾಕು: ದೇಣಿಗೆ, ಮುಂಗಡ, ಸಾಲ, ಪಾಲು.

ದೇಣಿಗೆಯಲ್ಲಿ ವಾಪಸು ಬರುವುದು ಕೃತಜ್ಞತೆ ಮಾತ್ರ. ಭಾರತದಲ್ಲಿ ನಡೆಯುವ ಅಭಿಯಾನಗಳಲ್ಲಿ ಕಣ್ಣಿಗೆ ಹೆಚ್ಚು ಬೀಳುವುದು ಈ ಬಗೆ, ಅದರಲ್ಲೂ ಆಸ್ಪತ್ರೆ ಖರ್ಚಿನದು. 2010ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮಿಲಾಪ್, 2012ರ ಕೆಟ್ಟೊ, 2014ರ ಇಂಪ್ಯಾಕ್ಟ್‌ಗುರು ಈ ದಾರಿಯಲ್ಲಿ ಬೆಳೆದವು. ಬೆನ್ನುಹುರಿಯ ಸ್ನಾಯುಕ್ಷಯಕ್ಕೆ ಕೊಡುವ, ಒಂದು ಡೋಸಿಗೆ ಸುಮಾರು 16 ಕೋಟಿ ರೂಪಾಯಿ ಬೆಲೆಯ ಚುಚ್ಚುಮದ್ದಿನ ಸುದ್ದಿಗಳು ಎಲ್ಲರಿಗೂ ನೆನಪಿರುತ್ತವೆ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯ ಅಡಿ ಕೇಂದ್ರ ಆರೋಗ್ಯ ಸಚಿವಾಲಯವೇ ಇಂಥ ರೋಗಿಗಳಿಗೆ ಹಣ ಕೂಡಿಸುವ ಜಾಲತಾಣ ತೆರೆದಿದೆ. ಇಲ್ಲಿ ಎರಡು ಪದಗಳನ್ನು ಬೇರೆ ಮಾಡಿ ತಿಳಿಯಬೇಕು. ಅಭಿಯಾನ ನಡೆಸುವವರು ಕ್ಯಾಂಪೇನರ್; ಯಾರಿಗಾಗಿ ನಡೆಯುತ್ತದೋ ಅವರು ಬೆನಿಫಿಷಿಯರಿ, ಅಂದರೆ ಫಲಾನುಭವಿ. ಇಬ್ಬರೂ ಒಬ್ಬರೇ ಆಗಿರಬೇಕಿಲ್ಲ. ಆಗಿಲ್ಲದಿದ್ದರೆ ಹಣ ಯಾರ ಖಾತೆಗೆ ಬೀಳುತ್ತದೆ ಎಂಬುದನ್ನು ಮೊದಲೇ ಬರೆದಿಡುವುದು ಲೇಸು. ಚಿಕಿತ್ಸೆಯ ಅಭಿಯಾನಗಳಲ್ಲಿ ಆಸ್ಪತ್ರೆಯ ಖಾತೆಗೇ ನೇರವಾಗಿ ಜಮಾ ಮಾಡುವ ರೂಢಿ ಬಂದದ್ದು ಈ ಕಾರಣಕ್ಕೇ.

ಕೊಟ್ಟ ಹಣಕ್ಕೆ ಬದಲಾಗಿ ಆಮೇಲೆ ವಸ್ತುವೋ ಸೇವೆಯೋ ಸಿಗುವ ಮುಂಗಡದ ಬಗೆಗೆ ರಿವಾರ್ಡ್ ಕ್ರೌಡ್‌ಫಂಡಿಂಗ್ ಎಂದು ಹೆಸರು. ಅಮೆರಿಕದ ಇಂಡಿಗೋಗೊ (2008), ಕಿಕ್‌ಸ್ಟಾರ್ಟರ್ (2009) ಹೆಸರಾದದ್ದು ಇದರಿಂದ. ಕಿಕ್‌ಸ್ಟಾರ್ಟರಿನಲ್ಲಿ ಹಣ ಕೊಡಲು ಭಾರತದಿಂದ ಸಾಧ್ಯ, ಅಭಿಯಾನ ತೆರೆಯಲು ಭಾರತದ ವಾಸಿಗಳಿಗೆ ಅವಕಾಶವಿಲ್ಲ. ಮೊದಲ ಸಲದವರು ಅರ್ಧ ಕೆಲಸ ಮುಗಿಸಿದ ಮೇಲೆ ಇದನ್ನು ಕಂಡು ಕೈ ಹಿಸುಕಿಕೊಳ್ಳುವುದುಂಟು.

ಸಾಲದ ಬಗೆಯಲ್ಲಿ ಅಸಲು ಹಿಂತಿರುಗಬೇಕು, ಕೆಲವೊಮ್ಮೆ ಬಡ್ಡಿಯೂ. 2008ರ ಜನವರಿ 26ರಂದು ಶುರುವಾದ ರಂಗ್ ದೇ ಈ ದಾರಿಯನ್ನು ಸಣ್ಣ ರೈತರು, ಕುಶಲಕರ್ಮಿಗಳ ಕಡೆಗೆ ತಿರುಗಿಸಿತು. ಮಿಲಾಪ್ ಕೂಡ ಮೊದಲು ಸಾಲದಿಂದಲೇ ಆರಂಭವಾಗಿ ಆಮೇಲೆ ದೇಣಿಗೆಗೆ ಹೊರಳಿದ್ದು. 2017ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕ್ ಇಂಥ ವೇದಿಕೆಗಳಿಗೆ ನಿಯಮ ತಂದಿತು. ಒಬ್ಬ ಸಾಲಿಗನಿಗೆ ಒಬ್ಬರೇ 50,000 ರೂಪಾಯಿಗಿಂತ ಹೆಚ್ಚು ಕೊಡುವಂತಿಲ್ಲ, ಅವಧಿ 36 ತಿಂಗಳು ಮೀರುವಂತಿಲ್ಲ. ಹಣ ವೇದಿಕೆಯ ಜೇಬಿಗೆ ಹೋಗದೆ ಎಸ್ಕ್ರೊ ಖಾತೆಯಲ್ಲಿ ಹಾಯಬೇಕು. ಎಸ್ಕ್ರೊ ಎಂದರೆ ಕೊಟ್ಟವರಿಗೂ ಪಡೆಯುವವರಿಗೂ ಸೇರದ ಮಧ್ಯಸ್ಥರ ಕೈಯಲ್ಲಿ ಹಣ ಕಾದಿರುವ ಖಾತೆ.

ಪಾಲಿನ ಬಗೆಯೇ ಎಲ್ಲಕ್ಕಿಂತ ಅಪಾಯದ ಪದ. 'ನಮ್ಮ ಕಂಪನಿಯಲ್ಲಿ ಷೇರು ಕೊಡುತ್ತೇವೆ, ಹಣ ಹಾಕಿ' ಎಂದು ಜಾಲದಲ್ಲಿ ಕರೆ ಕೊಟ್ಟರೆ ಅದು ಸಾರ್ವಜನಿಕ ಷೇರು ನೀಡಿಕೆಯಾಗುತ್ತದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ಖಾಸಗಿ ನೀಡಿಕೆ ಒಂದು ಹಣಕಾಸು ವರ್ಷದಲ್ಲಿ 200 ಜನರನ್ನು ದಾಟಬಾರದು, ಅದಕ್ಕೆ ಜಾಹೀರಾತೂ ಕೊಡಬಾರದು. ಸೆಬಿ 2014ರ ಜೂನಿನಲ್ಲಿ ಇದಕ್ಕಾಗಿ ಒಂದು ಸಮಾಲೋಚನಾ ಪತ್ರ ಹೊರಡಿಸಿತು. ಅದು ನಿಯಮಾವಳಿಯಾಗಿ ಹೊರಬರಲಿಲ್ಲ. 2016ರಲ್ಲಿ ಅನುಮತಿಯಿಲ್ಲದ ಇಂಥ ಜಾಲವೇದಿಕೆಗಳ ಬಗ್ಗೆ ಹೂಡಿಕೆದಾರರನ್ನು ಸೆಬಿ ಎಚ್ಚರಿಸಿತು. ನಮ್ಮ ಬಯಲಾಟದ ಮೇಳದವರು ಉತ್ಸಾಹದಲ್ಲಿ 'ಧ್ವನಿಮುದ್ರಣದಿಂದ ಬರುವ ಲಾಭದಲ್ಲಿ ನಿಮಗೂ ಪಾಲು' ಎಂದು ಒಂದು ಸಾಲು ಸೇರಿಸಿದರೆ ದೇಣಿಗೆಯ ಅಂಗಳ ಬಿಟ್ಟು ಈ ಅಂಗಳಕ್ಕೆ ಕಾಲಿಟ್ಟಂತೆ. ಆ ಸಾಲು ಬೇಡ.

ಬರೆಸಿದ್ದು, ಬಂದದ್ದು

ಪ್ಲೆಡ್ಜ್ ಎಂಬ ಪದಕ್ಕೆ ನಿಘಂಟಿನಲ್ಲಿ ಪ್ರತಿಜ್ಞೆ, ಅಡವು ಎಂದೆಲ್ಲ ಅರ್ಥ ಸಿಗುತ್ತದೆ. ಪಟ್ಟಿ ಎತ್ತುವವರಿಗೆ ಅದರ ಸರಿಯಾದ ಅರ್ಥ ಗೊತ್ತು: ಬರೆಸಿದ ಹಣ. ಸಾವಿರ ಬರೆಸಿದವರು ಸಾವಿರ ಕೊಟ್ಟಂತಲ್ಲ. ಸುಗ್ಗಿ ಮುಗಿಯಲಿ, ಕಬ್ಬಿನ ಬಿಲ್ಲು ಬರಲಿ ಎಂದು ಮುಂದೆ ಹೋಗುತ್ತದೆ. ಕಿಕ್‌ಸ್ಟಾರ್ಟರಿನಲ್ಲೂ ಹೀಗೇ, ಗುರಿ ಮುಟ್ಟಿ ಗಡುವು ಮುಗಿಯುವ ತನಕ ಬೆಂಬಲಿಗರ ಕಾರ್ಡಿನಿಂದ ಹಣ ಕಡಿತವಾಗುವುದಿಲ್ಲ. ಯುಪಿಐ ಮೂಲಕ ಕೊಡುವಾಗ ಮಾತ್ರ ಬರೆಸುವುದೂ ಕೊಡುವುದೂ ಸಾಮಾನ್ಯವಾಗಿ ಒಂದೇ ಗಳಿಗೆಯಲ್ಲಿ ಆಗಿಬಿಡುತ್ತದೆ. ಗುರಿ ಮುಟ್ಟದಿದ್ದರೆ ವಾಪಸು ಮಾಡುವ ರೀಫಂಡಿನ ಭಾರ ಆಮೇಲೆ ಬೀಳುತ್ತದೆ.

ಇದರ ಜೊತೆಗೇ ಬರುವ ಜೋಡಿ ಪದಗಳು ಆಲ್ ಆರ್ ನಥಿಂಗ್ ಮತ್ತು ಕೀಪ್ ಇಟ್ ಆಲ್. ಮೊದಲನೆಯದರಲ್ಲಿ ಗುರಿ ಮುಟ್ಟಿದರೆ ಮಾತ್ರ ಹಣ. ಒಂದು ರೂಪಾಯಿ ಕಡಿಮೆಯಾದರೂ ಇಲ್ಲ. ಎರಡನೆಯದರಲ್ಲಿ ಬಂದಷ್ಟು ನಿಮ್ಮದು. ಕಿಕ್‌ಸ್ಟಾರ್ಟರ್, ವಿಶ್‌ಬೆರಿ ಮೊದಲ ದಾರಿ ಹಿಡಿದವು. ದೇಣಿಗೆಯ ವೇದಿಕೆಗಳಲ್ಲಿ ಎರಡನೆಯದೇ ಹೆಚ್ಚು. ಯಾವುದು ಒಳ್ಳೆಯದು ಎಂಬ ಪ್ರಶ್ನೆಗೆ ಕೆಲಸದ ಸ್ವಭಾವವೇ ಉತ್ತರ. ಅರ್ಧ ಹಣದಲ್ಲಿ ಅರ್ಧ ವೇಷ ಹೊಲಿಸಬಹುದು, ಹಾರ್ಮೋನಿಯಂ ಮುಂದಿನ ವರ್ಷ ತರಬಹುದು. ಮೇಳಕ್ಕೆ ಬಂದಷ್ಟು ಲಾಭವೇ. ಅರ್ಧ ಸೇತುವೆಯನ್ನು ಮಾತ್ರ ಯಾರೂ ಕಟ್ಟಬಾರದು.

ಗುರಿ ಮೊತ್ತವನ್ನು ನಿಗದಿ ಮಾಡುವಲ್ಲಿ ಹೊಸಬರು ತಪ್ಪದೆ ಎಡವುತ್ತಾರೆ. 3 ಲಕ್ಷ ಬೇಕಲ್ಲವೇ, 3 ಲಕ್ಷ ಎಂದೇ ಹಾಕಿಬಿಡುತ್ತಾರೆ. ವೇದಿಕೆಯ ಶುಲ್ಕ ಶೇ. 5 ಇದೆ ಎಂದುಕೊಳ್ಳಿ. ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ ಸೇರಿದರೆ ಶೇ. 5.9. ಹಣ ಹಾಯಿಸುವ ಪೇಮೆಂಟ್ ಗೇಟ್‌ವೇ ಶೇ. 2 ತೆಗೆದುಕೊಂಡರೆ ತೆರಿಗೆ ಸೇರಿ ಶೇ. 2.36. ಒಟ್ಟು ಶೇ. 8.26. 3 ಲಕ್ಷ ಕೂಡಿದರೆ ಕೈಗೆ ಬರುವುದು 2,75,220 ರೂಪಾಯಿ. ಇನ್ನು ಬೆಂಬಲಿಗರಿಗೆ ನೂರು ಕಸೂತಿ ಚೀಲ ಕಳಿಸುವುದಿದೆ, ಒಂದಕ್ಕೆ 350 ರೂಪಾಯಿ, ಅಂಚೆಗೆ 60, ಒಟ್ಟು 41,000. ಇದನ್ನೂ ಸೇರಿಸಿ ಲೆಕ್ಕ ಹಾಕಿದರೆ ಕೇಳಬೇಕಾದ ಮೊತ್ತ ಸುಮಾರು 3,72,000 ಆಗುತ್ತದೆ. ಕೆಲವು ವೇದಿಕೆಗಳು ಶುಲ್ಕ ಸೊನ್ನೆ ಎಂದು ಹೇಳಿ, ಕೊಡುವವರಿಂದಲೇ ಟಿಪ್ ಕೇಳುತ್ತವೆ. ಟಿಪ್ಪಿನ ಪ್ರಮಾಣವನ್ನು ಮೊದಲೇ ತುಂಬಿಟ್ಟಿರುವ ಪೆಟ್ಟಿಗೆ ಎಷ್ಟೋ ಜನರ ಗಮನಕ್ಕೇ ಬರುವುದಿಲ್ಲ. ನಿಮ್ಮ ಸೋದರಮಾವ ನಿಮ್ಮ ಮೇಳಕ್ಕೆಂದು ಕೊಟ್ಟದ್ದರಲ್ಲಿ ಎಷ್ಟು ಭಾಗ ವೇದಿಕೆಗೆ ಹೋಯಿತು ಎಂದು ಜಾತ್ರೆಯಲ್ಲಿ ಎಲ್ಲರೆದುರು ಕೇಳುವ ಮೊದಲು ನೀವೇ ಅವರಿಗೆ ಹೇಳಿರುವುದು ಒಳ್ಳೆಯದು.

ಮೊದಲ ಗೆರೆ

ಪಟ್ಟಿ ಎತ್ತುವವರು ಮೊದಲು ಯಾರ ಮನೆಗೆ ಹೋಗುತ್ತಾರೆ ಎಂಬುದು ಆಕಸ್ಮಿಕವಲ್ಲ. ನೋಟುಬುಕ್ಕಿನ ಮೊದಲ ಗೆರೆಯಲ್ಲಿ 5,001 ಇದ್ದರೆ ಮುಂದಿನವರು 51 ಬರೆಸಲು ಹಿಂಜರಿಯುತ್ತಾರೆ. ಮೊದಲ ಗೆರೆಯಲ್ಲಿ 11 ಇದ್ದರೆ ಇಡೀ ಪಟ್ಟಿ ಹನ್ನೊಂದರ ಸುತ್ತಲೇ ತಿರುಗುತ್ತದೆ. ಅಭಿಯಾನದ ಪಂಡಿತರು ಸಾಫ್ಟ್ ಲಾಂಚ್ ಎನ್ನುವುದು ಇದನ್ನೇ: ಪುಟವನ್ನು ಲೋಕಕ್ಕೆ ತೋರಿಸುವ ಮುನ್ನ ಆಪ್ತರಿಂದ ಒಂದಿಷ್ಟು ಹಣ ತುಂಬಿಸಿಟ್ಟಿರುವುದು. ಖಾಲಿ ಪುಟಕ್ಕೆ ಅಪರಿಚಿತರು ಮೊದಲಿಗರಾಗಿ ಕೊಡುವುದು ಅಪರೂಪ.

ಪುಟಕ್ಕೆ ಬಂದವರಲ್ಲಿ ಹಣ ಕೊಟ್ಟವರ ಪ್ರಮಾಣಕ್ಕೆ ಕನ್ವರ್ಷನ್ ಎಂದು ಹೆಸರು. ನೂರಕ್ಕೆ ಇಬ್ಬರು ಕೊಡುತ್ತಾರೆ, ಒಬ್ಬೊಬ್ಬರು ಸರಾಸರಿ ಸಾವಿರ ಕೊಡುತ್ತಾರೆ ಎಂದಿಟ್ಟುಕೊಂಡರೆ 3,72,000ಕ್ಕೆ 372 ಕೊಡುವವರು ಬೇಕು, ಅಷ್ಟು ಜನ ಸಿಗಲು 18,600 ಮಂದಿ ಪುಟ ನೋಡಬೇಕು. ವಾಟ್ಸ್ಆ್ಯಪ್ ಗುಂಪಿನ ಜನರಿಗೆ ಕಳಿಸಿ ಸುಮ್ಮನೆ ಕೂತರೆ ಆಗದು ಎಂಬುದು ಈ ಭಾಗಾಕಾರ ಮಾಡಿದಾಗಲೇ ಹೊಳೆಯುತ್ತದೆ. ಗುರುತಿರುವವರಿಗೆ ಫೋನು ಮಾಡಿ ಕೇಳಿದರೆ ನೂರಕ್ಕೆ ಇಬ್ಬರಲ್ಲ, ಎಷ್ಟೋ ಹೆಚ್ಚು ಜನ ಕೊಡುತ್ತಾರೆ; ಪಟ್ಟಿಯವರು ಮನೆಬಾಗಿಲಿಗೆ ಹೋಗುವುದರ ಹಿಂದಿನ ಜಾಣತನ ಅದು.

ಟಿಯರ್ ಎಂದರೆ ಮೊತ್ತದ ಮೆಟ್ಟಿಲು: 250ಕ್ಕೆ ಹೆಸರು ಓದುವುದು, 1,000ಕ್ಕೆ ಚೀಲ, 5,000ಕ್ಕೆ ಆಟದ ರಾತ್ರಿ ಮುಂದಿನ ಸಾಲಿನಲ್ಲಿ ಚಾಪೆ. ಅರ್ಲಿ ಬರ್ಡ್ ಎಂಬುದು ಮೊದಲು ಬಂದವರಿಗೆ ಕೊಡುವ ರಿಯಾಯಿತಿ. ಸ್ಟ್ರೆಚ್ ಗೋಲ್ ಎಂದರೆ ಗುರಿ ದಾಟಿದ ಮೇಲೆ ಇಡುವ ಎರಡನೆಯ ಗುರಿ, 'ಇನ್ನೂ 1 ಲಕ್ಷ ಬಂದರೆ ಎರಡನೆಯ ಪ್ರಸಂಗವನ್ನೂ ಮುದ್ರಿಸುತ್ತೇವೆ' ಎಂಬಂಥದು. ಕೇಳಲು ಚೆನ್ನ. ಮೊದಲ ಮಾತೇ ನಡೆಸಿಲ್ಲದವರು ಎರಡನೆಯ ಮಾತು ಕೊಡುವುದರ ಕಷ್ಟ ಆಮೇಲೆ ತಿಳಿಯುತ್ತದೆ.

ಚೀಲದ ಬೆಲೆ

ರಿವಾರ್ಡ್ ಎಂಬ ಪದವನ್ನು ಬಹುಮಾನ ಎಂದು ಅನುವಾದಿಸುವುದು ತಪ್ಪು ದಾರಿಗೆ ಎಳೆಯುತ್ತದೆ. ಬಹುಮಾನ ಕೊಡುವವರ ಇಷ್ಟ. ರಿವಾರ್ಡ್ ಪಡೆಯುವವರ ಹಕ್ಕು. ಪ್ರತಿಫಲ ಎನ್ನುವುದು ವಾಸಿ.

ನಮ್ಮ ಮೇಳ ಸಂಡೂರಿನ ಲಂಬಾಣಿ ಕಸೂತಿಯ ಚೀಲ ಕೊಡಲು ಹೊರಟಿದೆ. ಇದು ಸೊಗಸಾದ ಆಯ್ಕೆ, ಜೊತೆಗೆ ಒಳ್ಳೆಯ ಪಾಠ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು ಸಿಕ್ಕಿದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ20ರ ಸಂಸ್ಕೃತಿ ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಹೊಲಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಭೌಗೋಳಿಕ ಗುರುತಿನ ಹೆಸರನ್ನು ಯಂತ್ರದಲ್ಲಿ ಅಚ್ಚೊತ್ತಿದ ಚೀಲಕ್ಕೆ ಹಚ್ಚುವಂತಿಲ್ಲ. ಕೈಯಲ್ಲಿ ಹೊಲಿಯುವ ಚೀಲ ಕೈಯ ವೇಗದಲ್ಲೇ ಬರುತ್ತದೆ. ನೂರು ಬೇಕೆಂದರೆ ತಾಂಡಾದ ಹೆಣ್ಣುಮಕ್ಕಳನ್ನು ಕೇಳಿಯೇ ದಿನಾಂಕ ಬರೆಯಬೇಕು. ಮದುವೆಯ ತಿಂಗಳಲ್ಲಿ, ಬಿತ್ತನೆಯ ಹೊತ್ತಿನಲ್ಲಿ ಸೂಜಿ ನಿಂತಿರುತ್ತದೆ.

ಹಣದ ಲೆಕ್ಕವೂ ಇದೆ. ಸಾವಿರ ರೂಪಾಯಿ ಕೊಟ್ಟವರ ಹಣದಲ್ಲಿ ಶುಲ್ಕಗಳು ಕಳೆದು 917 ಉಳಿಯುತ್ತದೆ. ಚೀಲ, ಅಂಚೆ ಸೇರಿ 410 ಹೋದರೆ ಬಯಲಾಟಕ್ಕೆ ಮುಟ್ಟುವುದು 507. ಅರ್ಧ ಅಭಿಯಾನ ಚೀಲಕ್ಕೇ ದುಡಿದಂತೆ. ಹಾಗೆಂದು ಚೀಲ ಬೇಡವೆಂದಲ್ಲ, ಆ ಹಣವೂ ಸಂಡೂರು ಸೀಮೆಯ ಕೈಗಳಿಗೇ ಹೋಗುತ್ತದೆ. ಆದರೆ ಗುರಿ ಹಾಕುವಾಗ ಗೊತ್ತಿರಬೇಕು.

ಕೊಟ್ಟ ಪ್ರತಿಫಲವನ್ನು ತಲುಪಿಸುವುದಕ್ಕೆ ಫುಲ್‌ಫಿಲ್‌ಮೆಂಟ್ ಎನ್ನುತ್ತಾರೆ. ಲೋಕದಾದ್ಯಂತ ಅಭಿಯಾನಗಳು ಬಿದ್ದು ಏಳುವುದು ಇಲ್ಲಿಯೇ. ಪೆಬಲ್ ಎಂಬ ಕೈಗಡಿಯಾರದವರು 2012ರಲ್ಲಿ ಕಿಕ್‌ಸ್ಟಾರ್ಟರಿನಲ್ಲಿ 1 ಲಕ್ಷ ಡಾಲರ್ ಕೇಳಿ, ಸುಮಾರು 69,000 ಜನರಿಂದ 1 ಕೋಟಿ ಡಾಲರಿಗೂ ಹೆಚ್ಚು ಪಡೆದರು. ಆಮೇಲೆ ಅಷ್ಟು ಗಡಿಯಾರ ಮಾಡಿಕೊಡಲು ಹೇಳಿದ ದಿನ ದಾಟಿತು. ಈಥನ್ ಮೋಲಿಕ್ ಎಂಬ ಅಮೆರಿಕದ ಪ್ರಾಧ್ಯಾಪಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಕಿಕ್‌ಸ್ಟಾರ್ಟರಿನಲ್ಲಿ ಗೆದ್ದ ಯೋಜನೆಗಳಲ್ಲಿ ಮುಕ್ಕಾಲಿಗೂ ಹೆಚ್ಚು ಭಾಗ ತಮ್ಮ ಉತ್ಪನ್ನವನ್ನು ಹೇಳಿದ ದಿನಕ್ಕಿಂತ ತಡವಾಗಿ ತಲುಪಿಸಿದವು. ಮರುವರ್ಷ ಅವರೇ ಮಾಡಿದ ಸಮೀಕ್ಷೆಯಲ್ಲಿ ಏನನ್ನೂ ತಲುಪಿಸದ ಯೋಜನೆಗಳು ನೂರಕ್ಕೆ ಒಂಬತ್ತು. ತಡವಾಗುವುದು ಸಾಮಾನ್ಯ, ಕೈ ಎತ್ತುವುದು ಅಪರೂಪ ಎಂದು ಇದನ್ನು ಓದಿಕೊಳ್ಳಬಹುದು.

ಕಾಯ್ದೆಯ ಪದಗಳು

ದೊಡ್ಡ ಮೊತ್ತ ಕೊಡುವವರು ಮೊದಲು ಕೇಳುವುದು 'ಎಂಬತ್ತು ಜಿ ಇದೆಯಾ?' ಎಂದು. 80ಜಿ ಎಂಬುದು 1961ರ ಆದಾಯ ತೆರಿಗೆ ಕಾಯ್ದೆಯ ಕಲಂ. 2026ರ ಏಪ್ರಿಲ್ 1ರಿಂದ ಜಾರಿಗೆಂದು ತಂದ 2025ರ ಕಾಯ್ದೆಯಲ್ಲಿ ಕಲಮಿನ ಅಂಕಿ ಬದಲಾದರೂ ಬಾಯಲ್ಲಿ ಹಳೆಯದೇ ಓಡಾಡುತ್ತದೆ. ನೋಂದಾಯಿತ ಸಂಸ್ಥೆಗೆ ಕೊಟ್ಟ ದೇಣಿಗೆಯ ಒಂದು ಭಾಗವನ್ನು, ಸಾಮಾನ್ಯವಾಗಿ ಅರ್ಧವನ್ನು, ದಾನಿಗಳು ತಮ್ಮ ತೆರಿಗೆಯ ಆದಾಯದಿಂದ ಕಳೆದುಕೊಳ್ಳಬಹುದು. 2,000 ರೂಪಾಯಿ ಮೀರಿದ ನಗದಿಗೆ ಈ ಸೌಲಭ್ಯವಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ವ್ಯಕ್ತಿಯ ಹೆಸರಿನಲ್ಲಿ ನಡೆಯುವ ಅಭಿಯಾನಕ್ಕಂತೂ ಇಲ್ಲವೇ ಇಲ್ಲ. ಪ್ರತಿಯಾಗಿ ಚೀಲ ಕೊಟ್ಟಲ್ಲಿ ಅದು ಪೂರಾ ದಾನವೂ ಅಲ್ಲ.

ಹಣ ಪಡೆಯುವವರ ಕಡೆಯೂ ತೆರಿಗೆ ಇದೆ. ಬಂಧುಗಳಲ್ಲದವರಿಂದ ಒಂದು ವರ್ಷದಲ್ಲಿ ಒಬ್ಬ ವ್ಯಕ್ತಿಗೆ ಬಂದ ಉಡುಗೊರೆಯ ಹಣ ಒಟ್ಟು 50,000 ರೂಪಾಯಿ ದಾಟಿದರೆ ಅಷ್ಟೂ ಆದಾಯವೆನಿಸುತ್ತದೆ. ಮೇಳದ ಹಣವನ್ನು ಮಾಸ್ತರರ ಉಳಿತಾಯ ಖಾತೆಗೆ ತರಿಸಿದರೆ ಆ ಆದಾಯ ಮಾಸ್ತರರದ್ದಾಗಿ ಕೂರುತ್ತದೆ. ಮೊದಲು ಸಂಘ ನೋಂದಾಯಿಸಿ, ಸಂಘದ ಹೆಸರಲ್ಲಿ ಪ್ಯಾನ್, ಖಾತೆ ಮಾಡಿಸಿ, ಕೆವೈಸಿ ಅಂದರೆ ಗುರುತಿನ ದಾಖಲೆ ಒಪ್ಪಿಸಿ, ಆಮೇಲೆ ಪುಟ ತೆರೆಯುವುದು ಕ್ರಮ. ಕೆಲಸ ನಿಧಾನ. ಆದರೂ ಇದೇ ಕ್ರಮ.

ವಿದೇಶದ ಹಣದ ವಿಚಾರದಲ್ಲಿ ಒಂದು ಸೂಕ್ಷ್ಮವಿದೆ. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯನ್ನು ಎಲ್ಲರೂ ಎಫ್‌ಸಿಆರ್‌ಎ ಎನ್ನುತ್ತಾರೆ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡು ದುಬೈಯಲ್ಲಿ ದುಡಿಯುವ ಗಾದಿಗನೂರಿನ ಹುಡುಗ ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ವಂತಿಗೆಯಲ್ಲ. ಅಮೆರಿಕದ ಪೌರತ್ವ ಪಡೆದ ಅವನ ಅಕ್ಕ ಕಳಿಸಿದ್ದು ವಿದೇಶಿ ವಂತಿಗೆ. ಒಂದೇ ಮನೆಯ ಮಕ್ಕಳು, ಒಂದೇ ಊರಿನ ಜಾತ್ರೆ, ಕಾಯ್ದೆಯ ಕಣ್ಣಲ್ಲಿ ಬೇರೆ ಬೇರೆ. ಸಾಂಸ್ಕೃತಿಕ, ಶೈಕ್ಷಣಿಕ, ಸಾಮಾಜಿಕ ಉದ್ದೇಶದ ಸಂಘಗಳು ಅಂಥ ಹಣ ಪಡೆಯಲು ಕೇಂದ್ರ ಗೃಹ ಸಚಿವಾಲಯದ ನೋಂದಣಿಯನ್ನೋ ಪೂರ್ವಾನುಮತಿಯನ್ನೋ ಪಡೆದಿರಬೇಕು. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ಇಳಿಯಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಅಮೆರಿಕದ ಕನ್ನಡ ಕೂಟಗಳ ಗೆಳೆಯರನ್ನು ನಂಬಿ ಗುರಿ ಹಾಕುವವರು ಈ ಒಂದು ಸಂಗತಿಯನ್ನು ಮುಂಚೆಯೇ ತಿಳಿದಿರದಿದ್ದರೆ ಬಂದ ಹಣವನ್ನೇ ವಾಪಸು ಮಾಡಬೇಕಾದೀತು.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಸಂಡೂರಿನ ಗಣಿಗಳ ನಡುವೆ ಇರುವ ಈ ಸೀಮೆಯಲ್ಲಿ ಇನ್ನೊಂದು ಮಾತೂ ಕೇಳಿಬರುತ್ತದೆ, ಸಿಎಸ್‌ಆರ್. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ. 2ನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಇದು ಕ್ರೌಡ್‌ಫಂಡಿಂಗ್ ಅಲ್ಲ, ಹೊಸ ಉಡುಪಿನ ಧಣಿಯೇ. ಆದರೂ ಜನ ಕೊಟ್ಟಷ್ಟಕ್ಕೆ ಸಮನಾಗಿ ಸಂಸ್ಥೆಯೊಂದು ತಾನೂ ಹಾಕುವ ಮ್ಯಾಚಿಂಗ್ ಎಂಬ ಏರ್ಪಾಡಿನಲ್ಲಿ ಎರಡೂ ಕೂಡುವುದುಂಟು. ಕಂಪನಿಯ ಬಾಗಿಲು ತಟ್ಟುವ ಸಂಘಕ್ಕೆ 2021ರ ಏಪ್ರಿಲಿನಿಂದ ಸಿಎಸ್‌ಆರ್-1 ಎಂಬ ನೋಂದಣಿ ಬೇಕಾಗಿದೆ.

ಅಪ್‌ಡೇಟ್ ಮತ್ತು ಲೆಕ್ಕ

ಅಪ್‌ಡೇಟ್ ಎಂದರೆ ಅಭಿಯಾನದ ಪುಟದಲ್ಲಿ ಆಗಾಗ ಹಾಕುವ ಸುದ್ದಿ. ಹಣ ಬರುವಾಗ ದಿನಕ್ಕೊಂದು ಸುದ್ದಿ ಹಾಕಿ, ಬಂದ ಮೇಲೆ ಮೌನವಾಗುವುದು ಹೊಸಬರ ಚಾಳಿ. ಕೊಟ್ಟವರು ಕಾಯುವುದು ಎರಡನೆಯ ಹಂತದ ಸುದ್ದಿಗಾಗಿ. ಕಿರೀಟ ಮಾಡುವವರು ಮುಂಗಡ ಪಡೆದು ತಿಂಗಳಾದರೂ ಕೊಟ್ಟಿಲ್ಲ ಎಂಬುದೂ ಒಂದು ಸುದ್ದಿಯೇ. ಬರೆದರೆ ಜನ ನಕ್ಕು ಕಾಯುತ್ತಾರೆ, ಬರೆಯದಿದ್ದರೆ ಹಣ ಎಲ್ಲಿ ಹೋಯಿತು ಎಂದು ತಾವೇ ಕಥೆ ಕಟ್ಟುತ್ತಾರೆ.

ಹೆಚ್ಚುಳಿದ ಹಣಕ್ಕೆ ಸರ್ಪ್ಲಸ್ ಎಂಬ ಪದವಿದೆ. ಅದನ್ನು ಏನು ಮಾಡುತ್ತೇವೆ ಎಂದು ಪುಟದಲ್ಲಿ ಮೊದಲೇ ಒಂದು ಸಾಲು ಬರೆದಿಟ್ಟರೆ ಆಮೇಲಿನ ಜಗಳ ತಪ್ಪುತ್ತದೆ. ಪಟ್ಟಿಯ ಸಂಪ್ರದಾಯದಲ್ಲಿ ಇದಕ್ಕೆ ಒಂದು ದಿನವೇ ಇದೆ. ಆಟ ಮುಗಿದ ಮೇಲೆ ಗುಡಿಯ ಕಟ್ಟೆಯ ಮೇಲೆ ಜನ ಸೇರುತ್ತಾರೆ. ನೋಟುಬುಕ್ಕು ತೆರೆದು ಬಂದದ್ದು, ಬರೆಸಿ ಕೊಡದವರದ್ದು, ಪೆಂಡಾಲು, ಮೈಕು, ರಂಗಸಜ್ಜಿಕೆಯ ಬಾಡಿಗೆ, ಮಾಸ್ತರರ ಕಾಣಿಕೆ, ಚಹಾದ ಖರ್ಚು ಎಲ್ಲವನ್ನೂ ಓದುತ್ತಾರೆ. ಚಹಾದ ಖರ್ಚಿನ ಮೇಲೆ ಒಂದು ಗಂಟೆ ವಾದ ನಡೆಯುತ್ತದೆ. ಉಳಿದದ್ದು ಮುಂದಿನ ವರ್ಷದ ತಾಲೀಮಿಗೆ ಎಂದು ಬರೆದು, ಇಬ್ಬರು ಸಹಿ ಹಾಕಿ, ಬುಕ್ಕನ್ನು ಪೂಜಾರಿಯ ಮನೆಯಲ್ಲಿ ಇಡುತ್ತಾರೆ.